ಬಚ್ಚಲ ಹಂಡೆಯಲ್ಲಿ ಕುದ್ದ ಮರೀನ್ ಪ್ಲೈವುಡ್

ರಾಣೆಬೆನ್ನೂರಿನ ಬಡಗಿ ಶಮಶೇರಸಾಬ ಮಾಡಿದ ಒಂದು ಪ್ಲೈವುಡ್ ಬಾಗಿಲು ಐರಣಿಯ ಹತ್ತಿರ ತುಂಬಿ ಹರಿಯುತ್ತಿದ್ದ ತುಂಗಭದ್ರೆಗೆ ಬಿದ್ದು, ಬೆನ್ನ ಮೇಲೆ ಎರಡು ಎಮ್ಮೆ, ಸ್ವತಃ ಶಮಶೇರಸಾಬ ಮತ್ತು ಒಂದು ಕಪ್ ಬಿಸಿ ಚಹಾ ಹೊತ್ತುಕೊಂಡು ಹಂಪಿಯವರೆಗೆ ತೇಲಿತು. ದಾರಿಯಲ್ಲಿ ಡ್ಯಾಮು ಅಡ್ಡ ಬಂದಾಗ ಅಲ್ಲಿನವರು ಎದ್ದು ನಿಂತು ಗೇಟು ತೆಗೆದರು. ಹಂಪಿಯಲ್ಲಿ ದಂಡೆ ಹತ್ತಿದಾಗ ಬಾಗಿಲಿನ ಒಂದು ಪದರವೂ ಬಿಚ್ಚಿರಲಿಲ್ಲ, ಎಮ್ಮೆಗಳ ಗೊರಸು ಒದ್ದೆಯಾಗಿರಲಿಲ್ಲ, ಚಹಾ ಆರಿರಲಿಲ್ಲ.

ನಂಬದಿದ್ದವರು ಎಮ್ಮೆಗಳನ್ನು ಕೇಳಬಹುದು ಎಂದು ಶಮಶೇರಸಾಬ ಎಲ್ಲರಿಗೂ ಹೇಳುತ್ತಿದ್ದ. ಯಾರೂ ಕೇಳಲಿಲ್ಲ. ಆದ್ದರಿಂದ ಸುದ್ದಿ ಸುಳ್ಳೆಂದು ಯಾರೂ ಸಾಬೀತು ಮಾಡಲಿಲ್ಲ. ಅವನ ಹೆಂಡತಿ ಮಾಸುಮಬಿ ಮಾತ್ರ ಈ ಕತೆ ಶುರುವಾದಾಗಲೆಲ್ಲ ಕೊಡ ಎತ್ತಿಕೊಂಡು ನಲ್ಲಿಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ನೀರಿಗೆ ಎಂದೂ ತತ್ವಾರವಾಗಲಿಲ್ಲ.

ಅದು ತೊಂಬತ್ತರ ಆಸುಪಾಸು. ಸಾಗವಾನಿ ಕಟ್ಟಿಗೆ ಮುಟ್ಟಿದರೆ ಕೈ ಸುಡುವಷ್ಟು ತುಟ್ಟಿಯಾಗಿ, ಹೊಸ ಮನೆ ಕಟ್ಟಿಸುವವರೆಲ್ಲ ಪ್ಲೈವುಡ್ ಪ್ಲೈವುಡ್ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ದಲಾಲ ಭರಮಣ್ಣ ಅಂಥವರಲ್ಲಿ ಒಬ್ಬ. ಎರಡು ಅಂತಸ್ತಿನ ಹೊಸ ಮನೆ ಎದ್ದು ನಿಂತಿತ್ತು. ಅದಕ್ಕೆ ಬಾಗಿಲು, ಕಪಾಟು, ಮಂಚ, ಶೋಕೇಸು ಎಲ್ಲ ಆಗಬೇಕಿತ್ತು. ಶಮಶೇರಸಾಬ ಅಲ್ಲಿಯವರೆಗೆ ಮಾಡಿದ್ದೆಂದರೆ ಕುಂಟು ಮಂಚಗಳಿಗೆ ಕಾಲು, ಮುರಿದ ಕಿಟಕಿಗೆ ರೆಕ್ಕೆ, ಗೋಣು ಮುರಿದ ಕುರ್ಚಿಗೆ ಗೋಣು. ಇಡೀ ಮನೆಯ ಕೆಲಸ ಒಮ್ಮೆ ಕೈಗೆ ಬಂದರೆ ಅವನು ಮೇಸ್ತ್ರಿ. ತಪ್ಪಿದರೆ ಮತ್ತೆ ಕುಂಟು ಮಂಚಗಳೇ ಗತಿ.

ಭರಮಣ್ಣ ಒಂದು ಶರತ್ತು ಹಾಕಿದ್ದ. ಮೊದಲು ಬಚ್ಚಲಿನ ಬಾಗಿಲು ಮಾಡಬೇಕು. ಅದು ಅವನ ಅವ್ವ ಹೊಳಿಯವ್ವನಿಗೆ ಒಪ್ಪಿಗೆಯಾದರೆ ತಾಟಿನಲ್ಲಿ ವೀಳ್ಯವಿಟ್ಟು ಇಡೀ ಮನೆಯ ಕೆಲಸ ಒಪ್ಪಿಸುವುದು. ಒಪ್ಪಿಗೆಯಾಗದಿದ್ದರೆ ಬಸ್‌ಸ್ಟ್ಯಾಂಡಿನ ದಾರಿ ತೋರಿಸುವುದು.

ಹೊಳಿಯವ್ವ ಎಂದರೆ ಎಂಬತ್ತು ದಾಟಿದ, ಒಣಗಿದ ಮೆಣಸಿನಕಾಯಿಯಂಥ ಮುದುಕಿ. ನೋಡಲು ಸುಕ್ಕು, ಒಳಗೆ ಬೀಜ ಗಟ್ಟಿ. ಅಂಗಳದ ಕಟ್ಟೆಯ ಮೇಲೆ ಕುಳಿತು ಮೊದಲ ದಿನವೇ ಕೇಳಿದ್ದಳು:

“ಅಲ್ಲೋ ಶಮಶೇರ, ಹಾಳಿ ಹಚ್ಚಿ ಅಂಟಿಸಿದ ಕಟಿಗಿ ಅಂತ. ಬಚ್ಚಲಕ್ಕ ಹೆಂಗ ತಡೀತದೋ ಅದು?”

ಶಮಶೇರಸಾಬನಿಗೆ ಇಂಥ ಪ್ರಶ್ನೆ ಎಂದರೆ ಕುಸ್ತಿ ಪೈಲವಾನನಿಗೆ ಕೆಮ್ಮಣ್ಣಿನ ಕಣ ಕಂಡಂತೆ. ರುಮಾಲು ಕೊಡವಿ ನಿಂತ.

“ಯವ್ವಾ, ಪ್ಲೈವುಡ್ಡಂದ್ರ ಅಳಿಯಂದಿರು ಇದ್ದಂಗ. ಮೂರು ನಮೂನಿ. ಒಂದನೇದವ ಕಮರ್ಶಿಯಲ್. ಛಂದ ಇರ್ತಾನ, ಪಡಸಾಲ್ಯಾಗ ಕುಂದರಸ್ರಿ, ಮಂಚ ಮಾಡ್ರಿ, ಶೋಕೇಸ ಮಾಡ್ರಿ, ಹೇಳಿದಂಗ ಕೇಳ್ತಾನ. ನೀರು ಮಾತ್ರ ತೋರಸಬ್ಯಾಡ್ರಿ. ಮಳಿಗಾಲದ ಥಂಡಿ ತಡೀತಾನ, ಒಂದು ತಂಬಗಿ ಬೆಚ್ಚನ ನೀರು ತಡೀತಾನ, ಅದಕ್ಕಿಂತ ಹೆಚ್ಚಾದ್ರ ಮಾರಿ ಉಬ್ಬಿಸಿಕೊಂಡು ಪದರ ಬಿಚ್ಚಿ ಕುಂದರ್ತಾನ.”

“ನಮ್ಮ ದೊಡ್ಡ ಅಳಿಯ,” ಎಂದಳು ಹೊಳಿಯವ್ವ.

“ಎರಡನೇದವ ವಾಟರ್‌ಪ್ರೂಫ್ ಅನಸ್ಕೊಂತಾನ. ಮುಂಜಾನಿಂದ ಸಂಜಿತನಕ ಕುದಿಸಿದ್ರೂ ತಡೀತಾನ. ಅಡಗಿ ಮನಿಗೆ ಛಲೋ. ಹನಿ ಬೀಳಲಿ, ಉಗಿ ಹೊಡೀಲಿ, ತಕರಾರಿಲ್ಲ. ಮೂರನೇದವ ಮರೀನ್. ಹಡಗ ಮಾಡೋ ಮಾಲು! ಮೂರು ದಿನ ಮೂರು ರಾತ್ರಿ ಕುದಿಸ್ರಿ, ಹೊರಗ ಬಂದು ‘ಊಟಕ್ಕೇನೈತಿ’ ಅಂತಾನ. ಬಚ್ಚಲಕ್ಕ ಅವನ ಬೇಕು. ನಾ ಐರಣಿ ಹೊಳಿಯಾಗ...”

“ಮೂರು ದಿನ ಕುದಿಸಿದ್ರೂ ಬಿಚ್ಚೂದಿಲ್ಲೇನು?”

“ನಿಮಗ ಬ್ಯಾಸರಾಗಿ ಒಲಿ ಆರಿಸಬೇಕ ಹೊರತು ಅದು ಬಿಚ್ಚೂದಿಲ್ರಿ.”

ಮುದುಕಿ ತಲೆಯಾಡಿಸಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಶಮಶೇರಸಾಬ ಐರಣಿಯ ಎಮ್ಮೆಗಳನ್ನು ಬಾಗಿಲ ಮೇಲೆ ಹತ್ತಿಸುವುದರಲ್ಲಿ ಎಷ್ಟು ಮುಳುಗಿದ್ದನೆಂದರೆ, ಮುದುಕಿಯ ಕಿವಿಯಲ್ಲಿ ಎಮ್ಮೆ ಇಳಿಯದೆ ಕುದಿಸುವ ಮಾತೊಂದೇ ಇಳಿದದ್ದು ಅವನಿಗೆ ತಿಳಿಯಲಿಲ್ಲ.

ಮಾಲು ತರಲು ಭರಮಣ್ಣನೂ ಶಮಶೇರಸಾಬನೂ ಹಾವೇರಿಗೆ ಹೋದರು. ಅಲ್ಲಿ ಅಂಜಿನಪ್ಪನೆಂಬವನ ಪ್ಲೈವುಡ್ ಅಂಗಡಿ. ಗೋಡೆಗೆ ಆತು ನಿಂತ ಹಾಳೆಗಳ ಸಾಲು ನೋಡಿ ಭರಮಣ್ಣನ ಕಣ್ಣು ತಿರುಗಿತು. ಮೆಣಸಿನಕಾಯಿಯಾದರೆ ಅವನು ಕಣ್ಣು ಮುಚ್ಚಿ ಮೂಸಿದರೆ ಸಾಕು, ಯಾವ ಹೊಲ, ಎಷ್ಟನೇ ಕೊಯ್ಲು, ಹೊಲದವನ ಹೆಂಡತಿಯ ತವರು ಯಾವುದು ಎಂದು ಹೇಳುವವನು. ಇಲ್ಲಿ ಎಲ್ಲ ಹಾಳೆಗಳೂ ಒಂದೇ ತೆರ ಕಂಡವು.

“ಮೇಸ್ತ್ರಿ, ಮರೀನ್ ಯಾವುದು, ಅಲ್ಲಾದ್ದು ಯಾವುದು, ಹೆಂಗ ತಿಳೀತದ?” ಎಂದ.

ತಿಳಿಯುವ ದಾರಿ ಸರಳವಾಗಿತ್ತು. ಒಳ್ಳೆಯ ಹಾಳೆಯ ಮೇಲೆ ಐಎಸ್‌ಐ ಛಾಪಾ ಇರುತ್ತದೆ, ದರ್ಜೆಯ ನಂಬರು ಇರುತ್ತದೆ. ಅಂಚು ನೋಡಿದರೆ ಪದರಗಳ ನಡುವೆ ಅಂಟಿನ ಗೆರೆ ಕಪ್ಪಗೆ ಕಾಣುತ್ತದೆ, ಸಂದು ತೂತು ಇರುವುದಿಲ್ಲ. ಇದಿಷ್ಟು ಶಮಶೇರಸಾಬನಿಗೆ ಗೊತ್ತಿತ್ತು. ಆದರೆ ಛಾಪಾ ಓದುವುದು ಯಾರಿಗೆ ಬರುವುದಿಲ್ಲ? ಅದರಲ್ಲಿ ಮೇಸ್ತ್ರಿಯ ದೌಲತ್ತು ಏನು ಉಳಿಯಿತು?

“ನೋಡೂದು ಸಣ್ಣ ಮಂದಿ ಕೆಲಸ,” ಎಂದ ಶಮಶೇರಸಾಬ. “ನನ್ನ ಕಣ್ಣು ಕಟ್ರಿ. ಬೆರಳಿಲೆ ಬಡದು ಹೇಳ್ತೇನಿ.”

ಅಂಜಿನಪ್ಪ ಖುಷಿಯಿಂದ ತನ್ನ ಟವೆಲ್ಲನ್ನೇ ಕೊಟ್ಟ. ಚಹಾ ಕುಡಿಯುತ್ತಿದ್ದ ಹಮಾಲರು ಕಪ್ಪು ಹಿಡಿದುಕೊಂಡೇ ಬಂದರು. ಕಣ್ಣು ಕಟ್ಟಿಸಿಕೊಂಡ ಶಮಶೇರಸಾಬ ಒಂದೊಂದು ಹಾಳೆಗೂ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ, ಒಂದನ್ನು ನೆಕ್ಕಿಯೂ ನೋಡಿ, ಕೊನೆಗೆ ಒಂದರ ಮುಂದೆ ನಿಂತು ಘೋಷಿಸಿದ: “ಇದಾ! ಮರೀನ್! ಇದರೊಳಗ ಸಮುದ್ರದ ಸಪ್ಪಳ ಕೇಳಾಕತ್ತೈತಿ!”

ಟವೆಲ್ ಬಿಚ್ಚಿದಾಗ ಎದುರಿಗಿದ್ದುದು ಒಂದು ಕೆಂಪನೆಯ ಹಾಳೆ. ಭರಮಣ್ಣನ ಮುಖ ಅರಳಿತು. ಕೆಂಪು ಎಂದರೆ ಅವನಿಗೆ ಪ್ರಾಣ. ಮುಂದೆ ಬಂದು, ಕಾಯಿ ಪರೀಕ್ಷೆ ಮಾಡುವ ರೂಢಿಯಂತೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆಯನ್ನು ಒಂದು ಸಲ ತಿಕ್ಕಿದ. ಬೆರಳು ಕೆಂಪಾಯಿತು.

“ವ್ಹಾ! ಏನ್ ಬಣ್ಣ ಬಿಡತೈತಿ! ಒಂದ ನಂಬರ ಮಾಲು!”

ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವನಿಗೆ ಬಣ್ಣ ಬಿಡುವುದಕ್ಕಿಂತ ದೊಡ್ಡ ಗುಣ ಜಗತ್ತಿನಲ್ಲಿ ಇರಲಿಲ್ಲ. ಆದರೆ ಶಮಶೇರಸಾಬ ಹಾಳೆಗೆ ಮೂಗು ತಾಗುವಷ್ಟು ಬಾಗಿದ. ಮರೀನ್ ಬಣ್ಣ ಬಿಡುವುದಿಲ್ಲ. ಅಗ್ಗದ ಕಮರ್ಶಿಯಲ್ಲಿಗೆ ಕೆಂಪು ಬಳಿದು ಮರೀನಿನಂತೆ ಕಾಣಿಸುವುದುಂಟು; ಬಿಡುವುದು ಆ ಬಣ್ಣ. ಅಂಚು ನೋಡಿದ, ಅಂಟಿನ ಗೆರೆ ಬೆಳ್ಳಗಿತ್ತು. ಮೇಲೆ ಕೆಳಗೆ ನೋಡಿದ, ಛಾಪಾ ಇರಲಿಲ್ಲ. ಪಕ್ಕದಲ್ಲೇ ಛಾಪಾ ಹೊಡೆದ ನಿಜವಾದ ಮರೀನ್ ನಿಂತು ಅವನನ್ನೇ ನೋಡಿ ನಗುತ್ತಿತ್ತು.

“ಅಂಜಿನಪ್ಪಾ, ಇದು...” ಎಂದು ಬಾಯಿ ತೆಗೆದ.

“ನಾ ಏನ್ ಹೇಳ್ಲಿ ಮೇಸ್ತ್ರಿ, ಸಮುದ್ರದ ಸಪ್ಪಳ ನೀನ ಕೇಳಿಸಿಕೊಂಡೀದಿ,” ಎಂದ ಅಂಜಿನಪ್ಪ. “ನನಗ ಲಾರಿ ಸಪ್ಪಳ ಬಿಟ್ಟು ಬ್ಯಾರೆ ಕೇಳಿಸವೊಲ್ದು.”

ಹಮಾಲರು ಹೋ ಎಂದರು. ಆಗ ಹೇಳಬಹುದಿತ್ತು. ಹೇಳಿದ್ದರೆ ಈ ಕತೆ ಹಾವೇರಿಯಲ್ಲೇ ಮುಗಿಯುತ್ತಿತ್ತು. ಶಮಶೇರಸಾಬ ಮೀಸೆ ತೀಡಿ, “ಎತ್ತಿ ಹಾಕ್ರಿ ಟೆಂಪೋಕ್ಕ,” ಎಂದ.

ಅಂದೇ ಬ್ಯಾಡಗಿಯಲ್ಲಿ ಬಾಗಿಲಿನ ಅಳತೆಗೆ ಹಾಳೆ ಕೊಯ್ದ. ಕೊಯ್ದು ಉಳಿದ ಗೇಣುದ್ದದ ತುಂಡು ಕೆಳಗೆ ಬಿತ್ತು. ಹೊಳಿಯವ್ವ ಬಾಗಿ ಅದನ್ನು ಎತ್ತಿಕೊಂಡಳು.

“ಶಮಶೇರ, ಕುದಿಸಿದ್ರ ಬಿಚ್ಚೂದಿಲ್ಲಂದಿ?”

“ಇ...ಇಲ್ರಿ.”

“ಹಂಗಾರ ಹಂಡೇಕ್ಕ ಒಗೀತೇನಿ. ಹೆಂಗೂ ದಿನಾ ಉರಿ ಹಾಕೂದು ಐತಿ.”

ಹಿತ್ತಲ ಬಚ್ಚಲಿನಲ್ಲಿ ಇಡೀ ಮನೆಯ ಜಳಕಕ್ಕೆ ಒಂದೇ ತಾಮ್ರದ ಹಂಡೆ. ಅದರ ದೊಡ್ಡಸ್ತಿಕೆ ಎಷ್ಟೆಂದರೆ ಒಮ್ಮೆ ಅದರೊಳಗೆ ಬಿದ್ದ ತಂಬಿಗೆ ಮೂರು ತಿಂಗಳ ಮೇಲೆ ಬೇರೆ ಊರಿನ ಬಾವಿಯಲ್ಲಿ ಸಿಕ್ಕಿತ್ತಂತೆ. ಮುದುಕಿ ತುಂಡನ್ನು ಅದಕ್ಕೆ ಹಾಕಿ, ಒಲೆಗೆ ಹತ್ತಿಕಟ್ಟಿಗೆ ತುರುಕಿ, ಮೇಲೆ ಮುಚ್ಚಳ ಮುಚ್ಚಿದಳು. ಶಮಶೇರಸಾಬನಿಗೆ ಹಂಡೆಯಲ್ಲಿ ತಾನೇ ಕುದ್ದಂತಾಯಿತು.

ಮನೆಗೆ ಬಂದವನು ರೊಟ್ಟಿಯ ತಾಟು ಸರಿಸಿ ಕುಳಿತ. ಮುದುಕಿ ಮುಚ್ಚಳ ತೆಗೆದ ಕೂಡಲೇ ತುಂಡು ಹಾಳೆಹಾಳೆಯಾಗಿ ಬಿಚ್ಚಿ ಮೇಲೆ ತೇಲುತ್ತದೆ. ವೀಳ್ಯವೂ ತೇಲಿ ಹೋಗುತ್ತದೆ. ಅಷ್ಟರಲ್ಲಿ ಅವನ ಕಣ್ಣು ಅಡುಗೆ ಕೋಣೆಯ ಮೂಲೆಗೆ ಬಿತ್ತು. ಅಲ್ಲಿ ಮಾಸುಮಬಿಯ ನೀರಿನ ಕೊಡಗಳ ಕೆಳಗೆ ಒಂದು ಹಲಗೆ. ಯಾವುದೋ ಹಳೆಯ ಕೆಲಸದಲ್ಲಿ ಉಳಿದ ನಿಜವಾದ ಮರೀನ್ ತುಂಡು. ವರ್ಷಾನುಗಟ್ಟಲೆ ಹಗಲು ರಾತ್ರಿ ಒದ್ದೆಯಲ್ಲೇ ಬಿದ್ದಿದ್ದರೂ ಒಂದು ಪದರ ಅಲುಗಿರಲಿಲ್ಲ.

ಬೆಳಿಗ್ಗೆ ಹೆಂಡತಿ ನಲ್ಲಿಗೆ ಹೋದ ಸಮಯ ನೋಡಿ ಶಮಶೇರಸಾಬ ಕೊಡಗಳನ್ನು ನೆಲಕ್ಕಿಳಿಸಿದ, ಹಲಗೆಯ ಒಂದು ಮೂಲೆಯಿಂದ ಗೇಣುದ್ದ ಕೊಯ್ದ, ಚೀಲಕ್ಕೆ ಹಾಕಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದ.

ಬ್ಯಾಡಗಿಯಲ್ಲಿ ಅಷ್ಟರೊಳಗೆ ಒಂದು ಅನಾಹುತ ನಡೆದಿತ್ತು. ಭರಮಣ್ಣ ನಸುಕಿನ ಕತ್ತಲಲ್ಲಿ ಎದ್ದು ಅದೇ ಹಂಡೆಯ ನೀರಿನಲ್ಲಿ ಜಳಕ ಮಾಡಿ, ಬಿಳಿ ಧೋತರ ಉಟ್ಟು ಪೇಟೆಗೆ ಹೋಗಿದ್ದ. ಬೆಳಕು ಹರಿದ ಮೇಲೆ ನೋಡಿದರೆ ಮನುಷ್ಯ ನೆತ್ತಿಯಿಂದ ಉಗುರಿನವರೆಗೆ ಕೆಂಪು. ಧೋತರವೂ ಕೆಂಪಾಗತೊಡಗಿತ್ತು.

“ಏನಣ್ಣಾ, ರಾಶಿಯೊಳಗ ಮಲಗಿದ್ದೇನು?” ಎಂದ ಎದುರಿನ ಅಂಗಡಿಯ ದಲಾಲ.

ಗುತ್ತಲದಿಂದ ಕಾಯಿ ತಂದಿದ್ದ ರೈತನೊಬ್ಬ ಹತ್ತಿರ ಬಂದು, ಹೆಬ್ಬೆರಳಿಗೆ ಎಂಜಲು ಹಚ್ಚಿ ಭರಮಣ್ಣನ ಕುತ್ತಿಗೆ ತಿಕ್ಕಿ, ಬೆರಳು ಬೆಳಕಿಗೆ ಹಿಡಿದು ನೋಡಿದ. “ಬಣ್ಣ ಭಾಳ ಛಲೋ ಐತ್ರಿ. ಹೊಟ್ಟಿ ನೋಡಿದ್ರ ಸಣಕಲ ಕಡ್ಡಿ ಕಾಯಿ ಅಲ್ಲ, ದುಂಡನ ಡಬ್ಬಿ ಕಾಯಿ. ಲಿಲಾವಕ್ಕ ಹಚ್ಚೂಣೇನ್ರಿ?”

ಪೇಟೆಯ ನಗು ರಾಣೆಬೆನ್ನೂರಿನವರೆಗೆ ಕೇಳಿಸಿತು. ಬಸ್ಸಿನಲ್ಲಿದ್ದ ಶಮಶೇರಸಾಬ ಗುಡುಗು ಎಂದುಕೊಂಡ. ಆದರೆ ಭರಮಣ್ಣ ಸಿಟ್ಟಾಗಲಿಲ್ಲ. ಒಂದು ಗೇಣು ತುಂಡು ಇಡೀ ಹಂಡೆಗೆ ಇಷ್ಟು ಬಣ್ಣ ಬಿಟ್ಟಿತೆಂದರೆ ಮಾಲು ಎಂಥದಿರಬೇಕು ಎಂದು ಅವನ ಅಭಿಮಾನ ಇನ್ನೂ ಉಬ್ಬಿತು.

ಶಮಶೇರಸಾಬ ಮುಂಬಾಗಿಲಿಗೆ ಹೋಗದೆ ನೇರ ಹಿತ್ತಲಿಗೆ ಬಂದ. ಮುಚ್ಚಳ ಸರಿಸಿ ನೋಡಿದ. ಕೆಂಪು ನೀರಿನ ಮೇಲೆ ಅವನ ‘ಸಮುದ್ರದ ಸಪ್ಪಳ’ ಐದು ತೆಳ್ಳನೆಯ ಹಪ್ಪಳಗಳಾಗಿ ತೇಲುತ್ತಿತ್ತು. ಒಂದೊಂದನ್ನೂ ಬೆರಳು ಸುಟ್ಟುಕೊಂಡು ಹೆಕ್ಕಿ ಚೀಲಕ್ಕೆ ಸೇರಿಸಿ, ಮನೆಯಿಂದ ತಂದ ತುಂಡನ್ನು ಒಳಗೆ ಬಿಟ್ಟು, ಮುಚ್ಚಳ ಮುಚ್ಚಿ, ಏನೂ ಅರಿಯದವನಂತೆ ಅಂಗಳಕ್ಕೆ ಬಂದು ಕಟ್ಟಿಗೆ ಹೆರೆಯುವ ರಂದ ಹಿಡಿದ.

ಮಧ್ಯಾಹ್ನ ಭರಮಣ್ಣ ಊಟಕ್ಕೆ ಬಂದಾಗ ಹೊಳಿಯವ್ವ, “ಮೂರು ದಿನ ಯಾಕ, ಕಟಿಗಿ ದಂಡ. ಈಗ ನೋಡೂಣು,” ಎಂದು ಇಕ್ಕಳ ತಂದಳು. ಹಂಡೆಯಿಂದ ತುಂಡು ಎದ್ದು ಬಂತು. ಹಬೆಯಾಡುತ್ತಿತ್ತು, ನೀರು ಸುರಿಯುತ್ತಿತ್ತು, ಆದರೆ ಒಂದು ಪದರ ಬಿಚ್ಚಿರಲಿಲ್ಲ.

“ನೋಡಿದ್ರಿ?” ಶಮಶೇರಸಾಬನ ಎದೆ ಅಂಗಿಯ ಗುಂಡಿಗಳಿಗೆ ಭಾರವಾಯಿತು. “ಇನ್ನೂ ಒಂದು ವರ್ಷ ಕುದಿಸ್ರಿ! ನಿಮ್ಮ ಮಮ್ಮಕ್ಕಳ ಮಮ್ಮಕ್ಕಳು ಬಂದು ತಗೀಲಿ! ಐರಣಿ ಹೊಳಿಯಾಗ ಎರಡು ಎಮ್ಮಿ ನಿಂತಾಗನ...”

ಭರಮಣ್ಣ ಕೆಂಪು ಮುಖದಲ್ಲಿ ಬಿಳಿ ಹಲ್ಲು ತೋರಿಸಿ ಒಳಗೆ ಹೋಗಿ ತಾಟು ತಂದ. ಎಲೆ, ಅಡಿಕೆ, ಮೇಲೊಂದು ತೆಂಗಿನಕಾಯಿ. ಶಮಶೇರಸಾಬ ಕೈ ಚಾಚಿದ.

“ತಡೀ ಭರಮ್ಯಾ,” ಎಂದಳು ಹೊಳಿಯವ್ವ. ಅವಳು ತುಂಡನ್ನು ಹೊರಳಿಸಿ ನೋಡುತ್ತಿದ್ದಳು. “ಶಮಶೇರ, ಇದೇನೋ ಇದು?”

ತುಂಡಿನ ಹಿಂಬದಿಯಲ್ಲಿ ಮಸುಕಾದ ಛಾಪಾ. ಅರ್ಧ ಅಕ್ಷರಗಳು, ಒಂದು ನಂಬರಿನ ಬಾಲ.

“ಅಕ್ಷರ ರೀ ಯವ್ವಾ.”

“ಅಕ್ಷರ ಅಂತ ನನಗೂ ತಿಳೀತದ. ಓದಾಕ ಬರೂದಿಲ್ಲ, ನೋಡಾಕ ಬರತದ. ನಿನ್ನಿ ನಾ ಒಗದ ತುಂಡಿನ ಮ್ಯಾಲೆ ಒಂದು ಗೀಟು ಇರಲಿಲ್ಲ. ಒಂದು ರಾತ್ರಿ ನಮ್ಮ ಹಂಡೇದಾಗ ಕುದ್ದು ಸಾಲಿ ಕಲತು ಬಂತೇನು?”

“ಒಳಗಿನ ಛಾಪಾ ರೀ. ಕುದ್ದಂಗ ಮ್ಯಾಲೆ ಏಳತೈತಿ. ಮಾಲು ಅಂಥಾದ್ದು.”

“ಮತ್ತ ಕೆಂಪು ಎಲ್ಲಿ ಹೋತು?”

“ನಿಮ್ಮ ಮಗನ ಮ್ಯಾಲೆ ಐತಲ್ರಿ.”

ಇದು ಸುಳ್ಳಾಗಿರಲಿಲ್ಲವಾದ್ದರಿಂದ ಮುದುಕಿ ಒಂದು ಗಳಿಗೆ ತಡವರಿಸಿದಳು. ಬಹುಶಃ ಶಮಶೇರಸಾಬ ಅಲ್ಲಿಗೆ ಗೆದ್ದೇಬಿಡುತ್ತಿದ್ದ. ಆದರೆ ಆಗಲೇ ಅಂಗಳದ ಬಾಗಿಲಲ್ಲಿ ಮಾಸುಮಬಿ ಕಾಣಿಸಿಕೊಂಡಳು. ಬಗಲಲ್ಲಿ ಮೂಲೆ ಹಾರಿದ ಒಂದು ಹಲಗೆ.

“ಅಜೀ, ಇಲ್ಲಿ ಬರ್ರಿ ಸ್ವಲ್ಪ,” ಎಂದಳು ಗಂಡನಿಗೆ. ದನಿ ಬಹಳ ಮೆತ್ತಗಿತ್ತು. ಅದಕ್ಕೇ ಶಮಶೇರಸಾಬ ಎರಡು ಹೆಜ್ಜೆ ಹಿಂದೆ ಸರಿದ. “ನಲ್ಲಿಯಿಂದ ಬಂದು ನೋಡಿದ್ರ ನನ್ನ ಕೊಡ ಎಲ್ಲಾ ನೆಲದ ಮ್ಯಾಲೆ ಉಳ್ಳಾಡಾಕತ್ತಾವ. ಹಲಗಿಗೆ ಇಲಿ ಕಡದೈತಿ. ಗರಗಸ ಹಿಡಕೊಂಡು ಬಂದ ಇಲಿ!”

ಹೊಳಿಯವ್ವ ಮಾಸುಮಬಿಯ ಕೈಯಿಂದ ಹಲಗೆ ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು. ಹಂಡೆಯ ತುಂಡನ್ನು ಹಾರಿದ ಮೂಲೆಗೆ ಹೊಂದಿಸಿದಳು. ಅರ್ಧ ಅಕ್ಷರಕ್ಕೆ ಅರ್ಧ ಅಕ್ಷರ ಕೂಡಿತು, ಬಾಲಕ್ಕೆ ನಂಬರು ಕೂಡಿತು.

“ಭರಮ್ಯಾ, ಓದು.”

“ಐಎಸ್‌ಐ... ಏಳುನೂರಾ ಹತ್ತು... ಮರೀನ್,” ಎಂದು ಭರಮಣ್ಣ ಓದಿದ. ಓದಿ, ತನ್ನ ಕೆಂಪು ಅಂಗೈ ನೋಡಿಕೊಂಡ. “ಹಂಗಾರ ನಾ ಜಳಕ ಮಾಡಿದ್ದು ಯಾವುದರಾಗೋ?”

ಶಮಶೇರಸಾಬ ಚೀಲ ಬಿಚ್ಚಿ ಐದು ಒದ್ದೆ ಪದರಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

“ಕಮರ್ಶಿಯಲ್ ರೀ ಸಾವಕಾರ್ರ. ಬಣ್ಣ ಬಳದದ್ದು. ಬಡದು ಹೇಳ್ತೇನಿ ಅಂದದ್ದು ಸುಳ್ಳು. ಬಡದ್ರ ಪೊಳ್ಳು ಐತೋ ಗಟ್ಟಿ ಐತೋ ಅಷ್ಟು ತಿಳೀತದ, ಅದೂ ಕೆಲವೊಮ್ಮಿ. ಛಾಪಾ ನೋಡಬೇಕಿತ್ತು. ನಿಮ್ಮ ಬೆರಳಿಗೆ ಬಣ್ಣ ಹತ್ತಿದಾಗನ ತಿಳೀತು. ಹೇಳಾಕ ಬಾಯಿ ಬರಲಿಲ್ಲ.”

“ನಿಮಗ ಬಾಯಿ ಬರಲಿಲ್ಲ?” ಎಂದಳು ಮಾಸುಮಬಿ.

ಭರಮಣ್ಣ ತಾಟು ಹಿಡಿದುಕೊಂಡೇ ನಿಂತಿದ್ದ. ಬೈಯಬೇಕೆಂದು ಬಾಯಿ ತೆಗೆದವನಿಗೆ ಎಂಜಲು ಹಚ್ಚಿ ತಿಕ್ಕಿದ ತನ್ನ ಹೆಬ್ಬೆರಳೇ ಅಡ್ಡ ಬಂತು. ತಾಟನ್ನು ಅವ್ವನ ಮುಂದೆ ಇಟ್ಟ, ತೀರ್ಪು ಅವಳದು.

ಮುದುಕಿ ಮಾಸುಮಬಿಯ ಹಲಗೆಯ ಮೇಲೆ ಕೈಯಾಡಿಸಿದಳು. ಕೊಡಗಳ ಬುಡ ಕೂತು ಕೂತು ಉಂಗುರ ಉಂಗುರವಾಗಿ ಕಲೆ ಬಿದ್ದಿತ್ತು.

“ಎಷ್ಟು ವರ್ಷ ಆತವ್ವಾ ಇದು ಕೊಡದ ಕೆಳಗ?”

“ನನ್ನ ಎರಡನೇ ಮಗಳು ಹುಟ್ಟಿದಾಗಿಂದ ರೀ. ಆಕಿಗೆ ಈಗ ಗಂಡ ನೋಡಾಕತ್ತೇವಿ.”

“ಮನ್ಯಾಗ ಇಂಥಾದ್ದು ಇಟಗೊಂಡು, ಹೊಳಿಗೆ ಯಾಕ ಹೋದ್ಯೋ ಶಮಶೇರ? ಇದನ್ನ ತಂದು ತೋರಿಸಿದ್ರ ಅವತ್ತ ವೀಳ್ಯ ಕೊಡತಿದ್ನಲ್ಲೋ!”

ಶಮಶೇರಸಾಬ ಹಲಗೆಯ ಮೇಲಿನ ಉಂಗುರಗಳನ್ನು ನೋಡಿದ. ಹೆಂಡತಿಯ ಕೊಡದ ಹಲಗೆಯ ಕತೆಯನ್ನು ಚಹಾದಂಗಡಿಯಲ್ಲಿ ಯಾರು ಕೇಳುತ್ತಾರೆ?

“ಕೇಳು,” ಎಂದಳು ಹೊಳಿಯವ್ವ. “ಕೆಂಪು ಹಾಳಿ ಮಂಚಕ್ಕ, ಶೋಕೇಸಕ್ಕ ಹಾಕು. ಒಣಾ ಜಾಗದಾಗ ಬಿದ್ದಿರಲಿ, ದೊಡ್ಡ ಅಳಿಯ ಇದ್ದಂಗ. ಬಚ್ಚಲಕ್ಕ ಛಾಪಾ ಇದ್ದದ್ದು ತರಬೇಕು, ಕಣ್ಣು ತೆರಕೊಂಡು ತರಬೇಕು. ನೆಕ್ಕಬಾರದು. ನಿನ್ನ ಹೇಣ್ತಿಗೆ ಹೊಸಾ ಹಲಗಿ ಮಾಡಿಕೊಡಬೇಕು. ಒಪ್ಪಿಗೇನು?”

“ಒಪ್ಪಿಗಿ ರೀ ಯವ್ವಾ!” ಶಮಶೇರಸಾಬ ತಾಟಿಗೆ ಕೈ ಹಾಕಿದ.

ಮುದುಕಿ ತಾಟನ್ನು ಹಿಂದಕ್ಕೆಳೆದಳು. “ಇನ್ನೊಂದು. ಐರಣಿ ಸುದ್ದಿ ಖರೇ ಹೇಳು. ಹೇಳಿದ್ರ ವೀಳ್ಯ, ಇಲ್ಲಂದ್ರ ಬಸ್ಸು.”

ಶಮಶೇರಸಾಬ ಭರಮಣ್ಣನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಮಾಸುಮಬಿ ಕಟ್ಟೆಯ ಮೇಲೆ ಆರಾಮವಾಗಿ ಕುಳಿತಳು. ಮದುವೆಯಾದ ಮೇಲೆ ಮೊದಲ ಸಲ ಈ ಕತೆಗೆ ಎದ್ದು ಹೋಗದೆ ಕುಳಿತಿದ್ದಳು.

“ಬಾಗಲ ಅಲ್ರಿ,” ಎಂದ. “ಕುಂದರೋ ಮಣಿಯಷ್ಟು ಒಂದು ತುಂಡು. ಅದೂ ಕಮರ್ಶಿಯಲ್.”

“ಹಂಪಿ?”

“ಹಂಪಿ ನಾ ನೋಡಿಲ್ರಿ.”

“ನಾ ಕರಕೊಂಡು ಹೋಗು ಅಂದಾಗೆಲ್ಲಾ ‘ನಾ ನೋಡೇನಿ’ ಅಂತಿದ್ರಿ!” ಎಂದಳು ಮಾಸುಮಬಿ.

“ಹೊಳಿ ಐತೋ ಇಲ್ಲೋ?” ಎಂದ ಭರಮಣ್ಣ.

“ಹೊಳಿ ಖರೇನ ರೀ. ದಂಡಿಯಾಗ, ಮಣಕಾಲ ಮಟ ನೀರು. ತೇಲತೈತಿ ಅಂತ ನಮ್ಮ ಭಾವಗ ಪಂಥ ಕಟ್ಟಿದ್ದೆ. ನಾ ಕುಂತೆ, ಅದು ಮುಳುಗ್ತು. ಮರುದಿನ ಸಿಕ್ತು, ಹಾಳಿಹಾಳಿಯಾಗಿ.”

“ಎಮ್ಮಿ?”

“ಎಮ್ಮಿ ಇದ್ದೂ ರೀ, ಖುದಾನ ಆಣಿ. ಎರಡ ಇದ್ದೂ. ದಂಡಿ ಮ್ಯಾಲೆ ನಿಂತು ನೋಡಾಕತ್ತಿದ್ದೂ.”

ಹೊಳಿಯವ್ವ ತಾಟನ್ನು ಅವನ ಕಡೆಗೆ ಒಂದಿಷ್ಟು ಸರಿಸಿ, ಅಲ್ಲೇ ಬೆರಳಿನಿಂದ ತಡೆದಳು.

“ಮತ್ತ ಚಹಾ?”

ಶಮಶೇರಸಾಬ ರುಮಾಲು ತೆಗೆದು ಮುಖ ಒರೆಸಿಕೊಂಡ.

“ಚಹಾ ಆಮ್ಯಾಲ ಕುಡದ್ನಿ ರೀ ಯವ್ವಾ. ಅದೂ ಆರಿತ್ತು.”